ಗಿರಾಕಿಯ ಮಾತು ಗಡಿ ದಾಟಿದಾಗ

2007ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಬಸ್ ತಂಗುದಾಣವೊಂದರಲ್ಲಿ ವರ್ಜಿನ್ ಮೊಬೈಲ್ ಕಂಪನಿಯ ಜಾಹೀರಾತೊಂದು ಕಾಣಿಸಿಕೊಂಡಿತು. ಹದಿಹರೆಯದ ಹುಡುಗಿಯೊಬ್ಬಳು ನಗುತ್ತಾ ಎರಡು ಬೆರಳೆತ್ತಿ ತೋರಿಸುತ್ತಿರುವ ಚಿತ್ರ. ಅದರ ಮೇಲೆ, ಪತ್ರ ಬರೆಯುವ ಗೆಳೆಯರನ್ನು ಇನ್ನು ಬಿಟ್ಟುಬಿಡಿ ಎಂದು ಕುಟುಕುವ ದೊಡ್ಡಕ್ಷರದ ಸಾಲು. ಆ ಹುಡುಗಿ ಆಸ್ಟ್ರೇಲಿಯಾದವಳಲ್ಲ, ರೂಪದರ್ಶಿಯೂ ಅಲ್ಲ. ಅಮೆರಿಕದ ಟೆಕ್ಸಸ್‌ನವಳು. ಚರ್ಚಿನ ಎಳೆಯರೆಲ್ಲ ಸೇರಿ ಕಾರು ತೊಳೆಯುವ ಕಾರ್ಯಕ್ರಮದಲ್ಲಿ ಪರಿಚಯದವರೊಬ್ಬರು ಆ ಫೋಟೊ ತೆಗೆದು ಫ್ಲಿಕರ್ ತಾಣದಲ್ಲಿ ಹಾಕಿದ್ದರು. ತೆಗೆದವರ ಹೆಸರು ಹೇಳಿದರೆ ಸಾಕು, ವ್ಯಾಪಾರಕ್ಕೂ ಬಳಸಿಕೊಳ್ಳಬಹುದು ಎನ್ನುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಅದಕ್ಕಿತ್ತು. ಜಾಹೀರಾತಿನವರು ತಮಗೆ ಬೇಕಾದುದು ಸಿಕ್ಕಿತೆಂದು ತೆಗೆದುಕೊಂಡರು. ಹುಡುಗಿಯನ್ನು ಕೇಳಲಿಲ್ಲ, ಮನೆಯವರನ್ನೂ ಕೇಳಲಿಲ್ಲ.

ಕುಟುಂಬ ಟೆಕ್ಸಸ್‌ನಲ್ಲಿ ಮೊಕದ್ದಮೆ ಹೂಡಿತು. ಆಸ್ಟ್ರೇಲಿಯಾದ ಕಂಪನಿಯ ಮೇಲೆ ತನಗೆ ಅಧಿಕಾರವ್ಯಾಪ್ತಿ ಇಲ್ಲವೆಂದು 2009ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಸಾಗರದಾಚೆಯ ಬಸ್ ತಂಗುದಾಣಕ್ಕೆ ಹೋಗಿ ತಲುಪಲು ಚಿತ್ರಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಆ ಚಿತ್ರದಲ್ಲಿದ್ದವಳ ದೂರಿಗೆ ಮಾತ್ರ ಗಡಿ ಅಡ್ಡ ಬಂತು.

ಈ ಪ್ರಕರಣವನ್ನು ಕಾನೂನು ಓದುವವರು ಹಕ್ಕುಸ್ವಾಮ್ಯದ ಪಾಠವಾಗಿ ನೋಡುತ್ತಾರೆ. ಫೋಟೊ ತೆಗೆದವರ ಹಕ್ಕು ಬೇರೆ, ಫೋಟೊದೊಳಗೆ ಇರುವವರ ಹಕ್ಕು ಬೇರೆ. ಮೊದಲಿನವರ ಅನುಮತಿ ಎರಡನೆಯವರ ಅನುಮತಿಯಾಗುವುದಿಲ್ಲ. ಅದು ಸರಿಯೇ. ಆದರೆ ನನಗೆ ಇದರಲ್ಲಿ ಇನ್ನೂ ದೊಡ್ಡ ಪ್ರಶ್ನೆ ಕಾಣಿಸುತ್ತದೆ. ಜಾಹೀರಾತಿನವರಿಗೆ ದುಡ್ಡು ಕೊಟ್ಟು ಕರೆಸಿದ ರೂಪದರ್ಶಿಯ ನಗು ಬೇಡವಾಗಿತ್ತು. ನಿಜವಾದ ಹುಡುಗಿಯ ನಿಜವಾದ ನಗು ಬೇಕಾಗಿತ್ತು. ಆ ನಗು ನಿಜವಾಗಿದ್ದುದಾದರೂ ಏಕೆ? ಎದುರಿಗೆ ಕ್ಯಾಮೆರಾ ಹಿಡಿದವರು ಪರಿಚಯದವರಾಗಿದ್ದರು, ಸುತ್ತ ಗೆಳತಿಯರಿದ್ದರು, ಅದು ಅವಳದೇ ಊರು. ಇವಿಷ್ಟನ್ನೂ ಕತ್ತರಿಸಿ ಬಿಟ್ಟು ನಗುವನ್ನು ಮಾತ್ರ ಹೊತ್ತೊಯ್ದರು. ಹೊಸ ಊರಿನಲ್ಲಿ ಅದೇ ನಗು ಗೇಲಿಗೆ ವಸ್ತುವಾಯಿತು. ಸ್ನೇಹದಿಂದ ಎತ್ತಿದ ಎರಡು ಬೆರಳು, ಯಾರಿಗೂ ಬೇಡದ ಗೆಳತಿಯೊಬ್ಬಳ ಗುರುತಾಗಿ ಹೋಯಿತು.

ಎರಡು ವರ್ಷದ ನಂತರ, 2009ರಲ್ಲಿ, ಅಮೆರಿಕದ ಮಿಸೌರಿಯ ಕುಟುಂಬವೊಂದು ಹಬ್ಬದ ಶುಭಾಶಯ ಪತ್ರಕ್ಕೆಂದು ತೆಗೆಸಿಕೊಂಡಿದ್ದ ಚಿತ್ರ ಝೆಕ್ ರಾಜಧಾನಿ ಪ್ರಾಗ್‌ನ ದಿನಸಿ ಅಂಗಡಿಯೊಂದರ ಗಾಜಿನ ಮೇಲೆ ಆಳೆತ್ತರದ ಜಾಹೀರಾತಾಗಿ ನಿಂತಿತ್ತು. ಆ ದಾರಿಯಲ್ಲಿ ಹೋಗುತ್ತಿದ್ದ ಮನೆಯವರ ಗೆಳೆಯರ ಕಣ್ಣಿಗೆ ಬಿದ್ದದ್ದರಿಂದ ವಿಷಯ ತಿಳಿಯಿತು. ಅಲ್ಲಿ ಗೇಲಿಯೇನೂ ಇರಲಿಲ್ಲ. ಸುಖೀ ಸಂಸಾರ, ಅಷ್ಟೆ. ಆದರೂ ಆ ತಾಯಿತಂದೆಯರು ಆ ಅಂಗಡಿಯ ಬಾಗಿಲನ್ನು ಒಮ್ಮೆಯೂ ತುಳಿದಿರಲಿಲ್ಲ. ಅಲ್ಲಿ ದಿನಸಿ ಕೊಳ್ಳಿರೆಂದು ಪ್ರಾಗ್‌ನ ಜನರಿಗೆ ಅವರ ಮುಖಗಳು ಹೇಳುತ್ತಿದ್ದವು.

ಈ ಎರಡೂ ಘಟನೆಗಳು ಹಳೆಯವು. ಆಗ ಕದ್ದದ್ದು ಕದ್ದಂತೆ ಕಾಣುತ್ತಿತ್ತು. ಇವತ್ತು ಇದೇ ಕೆಲಸ ಕ್ರಮಬದ್ಧವಾದ ವಿದ್ಯೆಯಾಗಿ ಬೆಳೆದಿದೆ. ಗಿರಾಕಿಗಳೇ ಬರೆದ ಅನಿಸಿಕೆ, ತೆಗೆದ ಚಿತ್ರ, ಮಾಡಿದ ರೀಲ್ಸ್, ಪೊಟ್ಟಣ ಬಿಚ್ಚಿ ತೋರಿಸುವ ವಿಡಿಯೊ, ಇವೆಲ್ಲವನ್ನೂ ಕಂಪನಿಗಳು ಗುಡ್ಡೆ ಹಾಕಿಕೊಂಡು, ಒಂದು ದೇಶದಲ್ಲಿ ಫಲ ಕೊಟ್ಟದ್ದನ್ನು ಇನ್ನೊಂದು ದೇಶಕ್ಕೆ ‘ಹೊಂದಿಸಿ’ ಕಳಿಸುತ್ತವೆ. ಭಾಷೆ ಬದಲಿಸುವುದು, ದನಿ ಬದಲಿಸುವುದು, ಹಿನ್ನೆಲೆ ಸಂಗೀತ ಬದಲಿಸುವುದು, ಅಲ್ಲಿಯ ಜನಕ್ಕೆ ಹಿತವಾಗದ ಭಾಗವನ್ನು ಕತ್ತರಿಸುವುದು. ಅನುಮತಿಯ ವಿಷಯಕ್ಕೆ ಬಂದರೆ, ನಾವೆಲ್ಲ ಓದದೆ ಒತ್ತುವ ಆ ‘ಒಪ್ಪಿಗೆ’ ಗುಂಡಿಯಲ್ಲಿ ಎಲ್ಲವೂ ಅಡಗಿರುತ್ತದೆ.

ನಾನು ಹೇಳಬೇಕಾದ ಮಾತು ಇದು: ಬಳಕೆದಾರರ ಮಾತು ಸರಕಲ್ಲ, ಸಾಕ್ಷ್ಯ. ಸರಕನ್ನು ಎಲ್ಲಿಗೆ ಬೇಕಾದರೂ ಸಾಗಿಸಬಹುದು. ಸಾಕ್ಷಿ ನುಡಿದವರ ಮಾತನ್ನು ಅವರಿಂದ ಬಿಡಿಸಿ, ಬಣ್ಣ ಬದಲಿಸಿ, ಅವರನ್ನು ಕಂಡರಿಯದ ಜನರ ಮುಂದೆ ನಿಲ್ಲಿಸಿದರೆ ಅದು ಸಾಕ್ಷ್ಯವಾಗಿ ಉಳಿಯುವುದಿಲ್ಲ. ಬೇರೆ ದೇಶಕ್ಕೆ ಹೋಗಬೇಕಾದದ್ದು ಮಾತಾಡಿರೆಂಬ ಆಹ್ವಾನವೇ ಹೊರತು ಇಲ್ಲಿ ಆಡಿದ ಮಾತಲ್ಲ.

ಕಂಪನಿಗಳಿಗೆ ಗಿರಾಕಿಯ ಮಾತು ಬೇಕಾಗುವುದು ಏಕೆಂದು ಮೊದಲು ನೋಡಬೇಕು. ಅಗ್ಗ ಎಂಬುದು ಒಂದು ಕಾರಣ. ಅದಕ್ಕಿಂತ ಮುಖ್ಯವಾದದ್ದು, ಜನ ಅದನ್ನು ನಂಬುತ್ತಾರೆ. ಚಿತ್ರನಟ ಎಣ್ಣೆ ಹಚ್ಚಿಕೊಂಡು ನಕ್ಕರೆ ಅದು ಅವನ ಸಂಪಾದನೆಯ ಭಾಗವೆಂದು ಮಕ್ಕಳಿಗೂ ಗೊತ್ತು. ಪಕ್ಕದ ಮನೆಯವರು ಮಿಕ್ಸಿ ಚೆನ್ನಾಗಿದೆ ಎಂದರೆ ತೂಕವೇ ಬೇರೆ. ಆ ತೂಕ ಬರುವುದು ಬರೀ ‘ಚೆನ್ನಾಗಿದೆ’ ಎಂಬುದರಿಂದಲ್ಲ. ಅವರು ಯಾವುದನ್ನು ಚೆನ್ನಾಗಿದೆ ಅನ್ನುತ್ತಾರೆ, ಯಾವುದಕ್ಕೆ ಸುಮ್ಮನಿರುತ್ತಾರೆ, ಯಾವ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳುವ ಚಾಳಿ ಅವರಿಗಿದೆ ಎಂಬುದೆಲ್ಲ ನಮಗೆ ಗೊತ್ತಿರುತ್ತದೆ. ಅವರ ಮನೆಯಲ್ಲೂ ನಮ್ಮಲ್ಲಿಯಂತೆ ದಿನವೂ ದೋಸೆಹಿಟ್ಟು ರುಬ್ಬುತ್ತಾರೆ, ಅಲ್ಲೂ ಸಂಜೆ ಕರೆಂಟು ಹೋಗುತ್ತದೆ. ಕೇಳುವವರು ತಮಗೆ ಅರಿವಿಲ್ಲದೆಯೇ ಈ ಲೆಕ್ಕವನ್ನೆಲ್ಲ ಹಾಕಿ ಆಮೇಲೆ ನಂಬುತ್ತಾರೆ. ಅಂತರ್ಜಾಲದಲ್ಲಿ ಅಪರಿಚಿತರ ಅನಿಸಿಕೆ ಓದುವಾಗಲೂ ನಾವು ಮಾಡುವುದು ಇದನ್ನೇ. ಭಾಷೆ, ಕಾಗುಣಿತ, ಹಿಂದೆ ಕಾಣುವ ಅಡುಗೆಮನೆಯ ಕಟ್ಟೆ ಇವುಗಳಿಂದ ಈ ಮನುಷ್ಯ ನಮ್ಮಂಥವನೇ ಎಂದು ಅಂದಾಜು ಮಾಡುತ್ತೇವೆ.

ದೇಶ ಬದಲಾದಾಗ ಮೊದಲು ಕೈತಪ್ಪುವುದು ಈ ಅಂದಾಜು.

ಜಪಾನಿನ ಉದಾಹರಣೆ ಇದಕ್ಕೆ ಬಹಳ ಚೆನ್ನಾಗಿ ಒಪ್ಪುತ್ತದೆ. ಅಲ್ಲಿ ತಬೆಲೊಗ್ ಎಂಬ ಹೋಟೆಲ್ ವಿಮರ್ಶೆಯ ತಾಣವಿದೆ, 2005ರಿಂದ ನಡೆಯುತ್ತಿದೆ. 5 ಅಂಕಗಳಿಗೆ 3.5 ಸಿಕ್ಕ ಹೋಟೆಲನ್ನು ಅಲ್ಲಿಯ ಜನ ನಂಬಿ ಹೋಗಬಹುದಾದ ಒಳ್ಳೆಯ ಹೋಟೆಲ್ ಎಂದು ಲೆಕ್ಕ ಹಾಕುತ್ತಾರೆ. 4 ದಾಟಿದವು ತೀರ ವಿರಳ. ಊಟ ರುಚಿಯಾಗಿತ್ತು, ಬಡಿಸಿದವರು ಮರ್ಯಾದೆಯಿಂದ ನಡೆದುಕೊಂಡರು ಎಂದು ಬರೆದು 3 ಅಂಕ ಕೊಡುವವರು ಅಲ್ಲಿ ಸಾಮಾನ್ಯ. ಅಮೆರಿಕದಲ್ಲಾದರೆ 3.5 ಕಂಡ ತಕ್ಷಣ ಗಿರಾಕಿ ಮುಂದಿನ ಹೋಟೆಲ್ ಹುಡುಕುತ್ತಾನೆ. ಟ್ಯಾಕ್ಸಿಯ ಆ್ಯಪ್‌ಗಳಲ್ಲಂತೂ 5ಕ್ಕಿಂತ ಕೆಳಗಿಳಿಯುವ ಪ್ರತಿ ಅಂಕವೂ ಚಾಲಕರಿಗೆ ಆತಂಕದ ವಿಷಯ. ಕಣ್ಣಿಗೆ ಕಾಣುವ ನಕ್ಷತ್ರಗಳು ಅವೇ. ಅವುಗಳ ಹಿಂದಿರುವ ಮನಸ್ಸಿನ ಅಳತೆ ಬೇರೆ.

ಈಗ ಒಸಾಕಾದ ಯಾವುದೋ ವಸತಿಗೃಹದವರು ತಮ್ಮ ಜಪಾನಿ ಗಿರಾಕಿಗಳ ಅನಿಸಿಕೆಗಳನ್ನು ಅಮೆರಿಕದ ಪ್ರವಾಸಿಗರ ಮುಂದಿಡಬೇಕು ಎಂದುಕೊಳ್ಳೋಣ. ಇದ್ದದ್ದನ್ನು ಇದ್ದಂತೆ ಇಟ್ಟರೆ ವಸತಿಗೃಹ ಸಾಧಾರಣವೆಂದು ಓದುವವರಿಗೆ ಅನಿಸುತ್ತದೆ. ಹೊಗಳಿಕೆಯನ್ನು ಅಮೆರಿಕದ ಅಳತೆಗೆ ಏರಿಸಿ ಬರೆದರೆ ಆ ಗಿರಾಕಿ ಆಡದ ಮಾತನ್ನು ಅವರ ಬಾಯಲ್ಲಿ ಇಟ್ಟಂತೆ. ಬರೀ 5 ನಕ್ಷತ್ರದವರನ್ನು ಆರಿಸಿಕೊಂಡರೆ, ಅಲ್ಲಿಯ ಮಟ್ಟಿಗೆ ತೀರ ವಿಚಿತ್ರವಾಗಿ ಬರೆಯುವ ಕೆಲವರನ್ನು ಇಡೀ ದೇಶದ ಪ್ರತಿನಿಧಿಗಳನ್ನಾಗಿ ಮಾಡಿದಂತೆ. ಮೂರರಲ್ಲಿ ಯಾವ ದಾರಿ ಹಿಡಿದರೂ ಸತ್ಯಕ್ಕೆ ಸ್ವಲ್ಪ ಪೆಟ್ಟು ಬೀಳುತ್ತದೆ. ನಮ್ಮಲ್ಲೂ ಮದುವೆಯೂಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಏನೂ ಹೇಳದೆ ಎರಡನೆಯ ಸಲ ಸಾರು ಹಾಕಿಸಿಕೊಂಡರೆ ಅಡುಗೆಯವರಿಗೆ ಅದೇ ಬಿರುದು. ಆ ಮೌನವನ್ನು ವಿಡಿಯೊ ಮಾಡಿ ಬೇರೆ ದೇಶಕ್ಕೆ ಕಳಿಸಿದರೆ ನೋಡಿದವರಿಗೆ ಏನು ಅರ್ಥವಾದೀತು?

ಭಾಷೆ ಬದಲಿಸಿ ಕಳಿಸಿದ ಜಾಹೀರಾತು ಹೇಗಿರುತ್ತದೆ ಎಂಬುದನ್ನು ಕನ್ನಡದ ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಾಗಿಲ್ಲ. ಚಲನಚಿತ್ರಗಳ ಡಬ್ಬಿಂಗ್ ಬೇಕೇ ಬೇಡವೇ ಎಂದು ಇಲ್ಲಿ ದಶಕಗಳ ಕಾಲ ವಾದ ನಡೆಯಿತು. ಜಾಹೀರಾತುಗಳು ಮಾತ್ರ ಆ ಕಾಲದುದ್ದಕ್ಕೂ ಡಬ್ ಆಗಿಯೇ ನಮ್ಮ ಮನೆಗಳಿಗೆ ಬಂದವು. ಉತ್ತರ ಭಾರತದ ಅಡುಗೆಮನೆ, ಅಲ್ಲಿಯ ಅತ್ತೆ ಸೊಸೆ, ಹಿಂದಿಗೆ ಅಲುಗುವ ತುಟಿ, ಅದರ ಮೇಲೆ ಯಾರೂ ಮನೆಯಲ್ಲಿ ಆಡದ ಕನ್ನಡ. ನಾವು ಅದಕ್ಕೆ ಹೊಂದಿಕೊಂಡಿದ್ದೇವೆ, ಏಕೆಂದರೆ ಅದು ನಾಟಕವೆಂದು ನಮಗೆ ಗೊತ್ತು. ನಟಿಯ ದನಿ ಬದಲಾದರೆ ಯಾರಿಗೂ ಮೋಸವಾಗುವುದಿಲ್ಲ. ಆದರೆ ‘ನಾನು ಮೂರು ತಿಂಗಳು ಬಳಸಿದೆ, ನನ್ನ ಅನುಭವ ಇದು’ ಎಂದು ಹೇಳುವ ಸಾಮಾನ್ಯ ಹೆಂಗಸಿನ ದನಿ ಬದಲಾದರೆ? ಅವರ ದನಿ, ಅವರ ತಡವರಿಕೆ, ಅವರು ಆರಿಸಿಕೊಂಡ ಮಾತು ಇವೇ ಅವರ ಸಾಕ್ಷ್ಯದ ಆಧಾರ. ಅದನ್ನು ತೆಗೆದು ತಿದ್ದಿದ ದನಿ ಕೂಡಿಸಿದ ಮೇಲೆ ಉಳಿಯುವುದು ಜಾಹೀರಾತು. ನೋಡುವವರಿಗೆ ಮಾತ್ರ ಅದು ಇನ್ನೂ ಅನುಭವವಾಗಿಯೇ ಕಾಣುತ್ತದೆ.

ಇತ್ತೀಚಿನ ಕೃತಕ ಬುದ್ಧಿಮತ್ತೆಯ ಸಾಧನಗಳು ಈ ಅಂತರವನ್ನು ಇನ್ನೂ ಮರೆಮಾಡುತ್ತವೆ. ಮಾತಾಡಿದವರದೇ ದನಿಯನ್ನು ಹೋಲುವ ದನಿಯಲ್ಲಿ, ತುಟಿಯ ಚಲನೆಯನ್ನೂ ಹೊಂದಿಸಿ, ಅವರಿಗೆ ಗೊತ್ತೇ ಇಲ್ಲದ ಭಾಷೆಯಲ್ಲಿ ಅವರನ್ನು ಮಾತಾಡಿಸಬಹುದು. ಪಾಠ ಹೇಳುವವರಿಗೆ, ಅಡುಗೆ ತೋರಿಸುವವರಿಗೆ ಇದು ದೊಡ್ಡ ಉಪಕಾರ. ಕನ್ನಡದ ರೈತರೊಬ್ಬರು ಗೊಬ್ಬರ ಮಾಡುವ ವಿಧಾನ ಮೆಕ್ಸಿಕೊದ ರೈತರಿಗೆ ತಲುಪುವುದಾದರೆ ನಾನು ಸಂತೋಷಪಡುತ್ತೇನೆ. ಆದರೆ ಇಲ್ಲಿಯ ಹೆಂಗಸೊಬ್ಬರು ಸ್ಪ್ಯಾನಿಷ್‌ನಲ್ಲಿ ಮುಖದ ಕ್ರೀಮ್ ಹೊಗಳುತ್ತಿದ್ದರೆ, ಅದನ್ನು ನೋಡುವ ಮೆಕ್ಸಿಕೊದ ಹುಡುಗಿ ಈಕೆ ನನ್ನ ಹವೆಯಲ್ಲಿ, ನನ್ನ ಬಿಸಿಲಿನಲ್ಲಿ ಬದುಕುವವಳು ಎಂದುಕೊಳ್ಳುತ್ತಾಳೆ. ಹಾಗೆ ಅಂದುಕೊಳ್ಳಲಿ ಎಂದೇ ಭಾಷೆ ಬದಲಿಸಿರುತ್ತಾರೆ. ಪಾಠದಲ್ಲಿ ಭಾಷೆಯ ಬದಲಾವಣೆ ವಿಷಯವನ್ನು ದಾಟಿಸುತ್ತದೆ; ಸಾಕ್ಷ್ಯದಲ್ಲಿ ಅದು ಸಾಕ್ಷಿಯ ಗುರುತನ್ನೇ ಬದಲಿಸುತ್ತದೆ.

ಇದಕ್ಕೆ ಒಂದು ಬಲವಾದ ಆಕ್ಷೇಪವಿದೆ. ಬೇರೆ ದೇಶದವರ ಅನಿಸಿಕೆಯಿಂದ ನಮಗೆ ಪ್ರಯೋಜನವೇ ಇಲ್ಲವೇ? ಇದೆ, ಬೇಕಾದಷ್ಟಿದೆ. ಟೆಂಟಿನ ಹೊಲಿಗೆ ಮಳೆಗೆ ಬಿಟ್ಟುಕೊಂಡಿತು, ಲೆನ್ಸಿನ ಮುಚ್ಚಳ ಸಡಿಲವಿದೆ, ಕೋಣೆಯ ಕಿಟಕಿ ರಸ್ತೆಗೆ ತೆರೆದುಕೊಂಡು ರಾತ್ರಿಯೆಲ್ಲ ಗದ್ದಲ, ಇಂಥ ಮಾತುಗಳು ಯಾವ ಭಾಷೆಯಿಂದ ಯಾವ ಭಾಷೆಗೆ ಹೋದರೂ ಸೊರಗುವುದಿಲ್ಲ. ಸಂಗತಿಗಳು ದಾಟುತ್ತವೆ. ದಾಟದಿರುವುದು ಮೆಚ್ಚುಗೆ; ಖಾರ ಹದವಾಗಿದೆ, ಬೆಲೆಗೆ ತಕ್ಕದ್ದು, ಮನೆಯ ನೆನಪಾಯಿತು ಎಂಬಂಥ ಮಾತುಗಳು. ಅಮೆಜಾನ್‌ನ ಭಾರತದ ಮಳಿಗೆಯಲ್ಲಿ ಇತರ ದೇಶಗಳ ಗಿರಾಕಿಗಳ ಅನಿಸಿಕೆಗಳನ್ನು ಬೇರೆಯಾಗಿ, ಯಾವ ದೇಶದ್ದೆಂದು ಹೆಸರಿಸಿ ತೋರಿಸುತ್ತಾರೆ. ನನಗೆ ಇದು ಸರಿಯಾದ ಕ್ರಮವೆನಿಸುತ್ತದೆ. ಇದು ಜರ್ಮನಿಯವರ ಮಾತು ಎಂದು ಗೊತ್ತಾದರೆ ಓದುವವರು ತಮ್ಮ ಲೆಕ್ಕ ತಾವೇ ಹಾಕಿಕೊಳ್ಳುತ್ತಾರೆ. ಓದುಗರಿಗೆ ಅನುಕೂಲವಾಗಲೆಂದು ಮೂಲವನ್ನು ಅಳಿಸುವುದಕ್ಕಿಂತ ಮೂಲವನ್ನು ಹೇಳಿ ಓದುಗರ ವಿವೇಕಕ್ಕೆ ಬಿಡುವುದು ಹೆಚ್ಚು ಮರ್ಯಾದೆಯ ಕೆಲಸ.

ಹಾಗಾದರೆ ಗಡಿ ದಾಟಿ ಗೆದ್ದದ್ದು ಯಾವುದು? 2008ರಲ್ಲಿ ಬ್ರಿಟನ್‌ನ ವಾಕರ್ಸ್ ಆಲೂಗೆಡ್ಡೆ ಚಿಪ್ಸ್ ಕಂಪನಿ, ಹೊಸ ರುಚಿಯೊಂದನ್ನು ನೀವೇ ಸೂಚಿಸಿ ಎಂದು ಜನರನ್ನು ಕೇಳಿತು. ಗೆದ್ದವರಿಗೆ ಬಹುಮಾನದ ಜೊತೆಗೆ ಆ ರುಚಿಯ ಮಾರಾಟದಲ್ಲಿ ಶೇ. 1ರಷ್ಟು ಪಾಲು. ಅಲ್ಲಿ ಗೆದ್ದದ್ದು ಕೂಲಿಕಾರರ ಬೆಳಗಿನ ತಿಂಡಿಯ ರುಚಿ: ಮೊಟ್ಟೆ, ಹಂದಿಮಾಂಸ, ಬೀನ್ಸ್ ಎಲ್ಲ ಒಂದೇ ತಟ್ಟೆಯಲ್ಲಿ ಬರುವ ಬ್ರಿಟಿಷ್ ತಿಂಡಿ. ಅದೇ ಸ್ಪರ್ಧೆ ಲೇಸ್ ಹೆಸರಿನಲ್ಲಿ ಭಾರತಕ್ಕೆ ಬಂದಾಗ ಇಲ್ಲಿಂದ ಅಂಗಡಿಗೆ ಬಂದ ರುಚಿಗಳಲ್ಲಿ ಮಾವಿನದೂ ಒಂದು. ಅಮೆರಿಕದಲ್ಲಿ 2013ರಲ್ಲಿ ಗೆದ್ದದ್ದು ಚೀಸ್ ಬೆಳ್ಳುಳ್ಳಿ ಬ್ರೆಡ್ಡು. ಬ್ರಿಟನ್ನಿನ ಗಿರಾಕಿ ಆ ತಿಂಡಿಯನ್ನು ಬಾಯಿ ಚಪ್ಪರಿಸಿ ಹೊಗಳುವ ಚಿತ್ರವನ್ನು ಹುಬ್ಬಳ್ಳಿಗೆ ಹೊಂದಿಸಿ ತಂದಿದ್ದರೆ ಇಲ್ಲಿ ಯಾರ ನಾಲಿಗೆಗೂ ಅದು ತಾಗುತ್ತಿರಲಿಲ್ಲ. ದಾಟಿದ್ದು ಒಂದು ಪ್ರಶ್ನೆ ಮಾತ್ರ. ಉತ್ತರಗಳು ಆಯಾ ನೆಲದವು. ಗೆದ್ದ ಉತ್ತರ ಕೊಟ್ಟವರಿಗೆ ಮಾರಾಟದಲ್ಲಿ ಪಾಲು ಇತ್ತು ಎಂಬುದನ್ನೂ ಮರೆಯಬಾರದು.

ಕೋಕಾ ಕೋಲಾ 2011ರಲ್ಲಿ ಆಸ್ಟ್ರೇಲಿಯಾದಲ್ಲಿ ಬಾಟಲಿಗಳ ಮೇಲೆ ಅಲ್ಲಿ ಹೆಚ್ಚು ಬಳಕೆಯಲ್ಲಿದ್ದ 150 ಹೆಸರುಗಳನ್ನು ಅಚ್ಚು ಹಾಕಿತು. ಜನ ತಮ್ಮ ಹೆಸರಿನ, ಗೆಳೆಯರ ಹೆಸರಿನ ಬಾಟಲಿ ಹುಡುಕಿ ಫೋಟೊ ತೆಗೆದು ಹಂಚಿಕೊಂಡರು. ಪ್ರಚಾರವನ್ನು ಅವರೇ ಮಾಡಿದರು. ಚೀನಾಕ್ಕೆ ಹೋದಾಗ, 2013ರಲ್ಲಿ, ಹೆಸರುಗಳ ಬದಲು ಅಲ್ಲಿಯ ಯುವಕರು ಒಬ್ಬರನ್ನೊಬ್ಬರು ಕರೆಯುವ ಅಡ್ಡಹೆಸರುಗಳು ಬಂದವು. 2018ರಲ್ಲಿ ಭಾರತಕ್ಕೆ ಬಂದಾಗ ಹಲವು ಭಾರತೀಯ ಭಾಷೆಗಳಲ್ಲಿ ಸಂಬಂಧಗಳು ಬಂದವು: ಅಪ್ಪ, ಅಣ್ಣ, ಅಜ್ಜಿ ಎಂಬಂಥವು. ಸಕ್ಕರೆ ನೀರನ್ನು ಸಂಬಂಧದ ಗುರುತಾಗಿ ಮಾರುವುದು ನನಗೆ ಹಿಡಿಸುವ ಸಂಗತಿಯಲ್ಲ. ಆದರೆ ಕೆಲಸ ಮಾಡಿದವರು ಒಂದು ವಿಷಯ ಅರಿತಿದ್ದರು. ನಮ್ಮಲ್ಲಿ ಹೆಸರೊಂದು ಬರೀ ಹೆಸರಲ್ಲ. ಅದು ಧರ್ಮವನ್ನೂ ಎಷ್ಟೋ ಸಲ ಜಾತಿಯನ್ನೂ ಹೇಳಿಬಿಡುತ್ತದೆ. ಯಾವ 150 ಹೆಸರು ಆರಿಸಿದರೂ ಯಾರೋ ಹೊರಗುಳಿಯುತ್ತಾರೆ. ಹಿರಿಯರನ್ನು ಹೆಸರು ಹಿಡಿದು ಕರೆಯುವುದೂ ನಮ್ಮ ಮನೆಗಳಲ್ಲಿ ಇಲ್ಲ. ಆಸ್ಟ್ರೇಲಿಯಾದ ಗಿರಾಕಿಗಳು ತೆಗೆದ ಫೋಟೊಗಳನ್ನು ಇಲ್ಲಿಗೆ ತಂದು ತೋರಿಸಿದ್ದರೆ ಅವು ಪರದೇಶದವರ ಫೋಟೊಗಳಾಗಿಯೇ ಉಳಿಯುತ್ತಿದ್ದವು.

ಇನ್ನೂ ದೂರ ಹೋದದ್ದು ಯಾವ ಕಂಪನಿಯೂ ಹೊಂದಿಸದೆ ಇದ್ದದ್ದು. 2014ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ತಲೆಯ ಮೇಲೆ ಬಕೆಟ್ ಹಿಮದ ನೀರು ಸುರಿದುಕೊಂಡು, ವಿಡಿಯೊ ಮಾಡಿ, ಇನ್ನು ಕೆಲವರಿಗೆ ಸವಾಲು ಹಾಕುವ ಆಟ ಹಬ್ಬಿತು. ನರಗಳನ್ನು ಕುಗ್ಗಿಸುವ ಎಎಲ್‌ಎಸ್ ರೋಗದ ಸಂಶೋಧನೆಗೆ ಹಣ ಕೂಡಿಸುವುದು ಉದ್ದೇಶ. ಅಲ್ಲಿಯ ಎಎಲ್‌ಎಸ್ ಅಸೋಸಿಯೇಷನ್‌ಗೆ ಸುಮಾರು 11.5 ಕೋಟಿ ಡಾಲರ್ ಬಂತು. ಆಟ ಭಾರತಕ್ಕೂ ಬಂತು. ಇಲ್ಲಿ ಅದನ್ನು ನೋಡಿದ ಹಲವರಿಗೆ ಮೊದಲು ಕಂಡದ್ದು ರೋಗವಲ್ಲ, ನೆಲಕ್ಕೆ ಹರಿದು ಹೋಗುವ ನೀರು. ಹೈದರಾಬಾದಿನ ಪತ್ರಕರ್ತೆಯೊಬ್ಬರು ಅದೇ ವರ್ಷದ ಆಗಸ್ಟ್‌ನಲ್ಲಿ ಬಕೆಟ್ಟನ್ನು ಉಳಿಸಿಕೊಂಡು ನೀರನ್ನು ಬದಲಿಸಿದರು: ಒಂದು ಬಕೆಟ್ ಅಕ್ಕಿ ತೆಗೆದುಕೊಂಡು ಅಗತ್ಯವಿರುವವರಿಗೆ ಕೊಡಿ, ಫೋಟೊ ಹಾಕಿ, ಇನ್ನೊಬ್ಬರಿಗೆ ಹೇಳಿ. ಕೆಲವೇ ದಿನಗಳಲ್ಲಿ ಅದು ಊರೂರಿಗೆ ಹಬ್ಬಿತು. ಅದೇ ತಿಂಗಳು, ಬಾಂಬ್ ದಾಳಿಗೆ ಎಷ್ಟೋ ಮನೆಗಳು ನೆಲಸಮವಾಗಿದ್ದ ಗಾಜಾದಲ್ಲಿ ನೀರಿಗೂ ತತ್ವಾರ. ಅಲ್ಲಿಯ ಜನ ಬಕೆಟ್ಟಿನಲ್ಲಿ ಮುರಿದ ಮನೆಗಳ ಕಲ್ಲು ಮಣ್ಣು ತುಂಬಿ ತಲೆಯ ಮೇಲೆ ಸುರಿದುಕೊಂಡು ಜಗತ್ತಿಗೆ ತೋರಿಸಿದರು. ಅವರು ಹಣ ಕೇಳಲಿಲ್ಲ, ನೋಡಿ ಎಂದರು. ಯಾವ ಏಜೆನ್ಸಿಯ ಮೇಜಿನ ಮೇಲೂ ಹುಟ್ಟಲಾರದ ಮಾರ್ಪಾಡುಗಳಿವು. ಆ ನೆಲದಲ್ಲಿ ನಿಂತವರಿಗಷ್ಟೇ ಬಕೆಟ್ಟಿಗೆ ಏನು ತುಂಬಬೇಕೆಂದು ಗೊತ್ತಿರುತ್ತದೆ.

ಅಕ್ಕಿಯ ಬಕೆಟ್ಟಿನ ಬಗ್ಗೆ ನನಗೆ ಒಂದು ಕೊರಗಿದೆ. ಕೊಡುವವರು ತಮ್ಮ ಫೋಟೊ ಹಾಕುವಾಗ ಪಡೆಯುವವರ ಮುಖವೂ ಅದರಲ್ಲಿ ಬಂತು. ಅಮೆರಿಕದ ಆಟದಲ್ಲಿ ನೆನೆಯುತ್ತಿದ್ದವರು ತಮ್ಮ ಇಷ್ಟದಿಂದ ತಮ್ಮನ್ನೇ ತೋರಿಸಿಕೊಂಡರು. ಇಲ್ಲಿ ಕೂಲಿಯವರು, ಮನೆಗೆಲಸದವರು, ಬೀದಿಬದಿಯ ಮುದುಕಿ ಅಕ್ಕಿಯ ಜೊತೆಗೆ ತಮ್ಮ ಬಡತನವನ್ನೂ ಕ್ಯಾಮೆರಾಗೆ ಒಪ್ಪಿಸಬೇಕಾಯಿತು. ಅಕ್ಕಿ ಬೇಕಾಗಿರುವವರಿಗೆ ಫೋಟೊ ಬೇಡ ಅನ್ನುವ ಶಕ್ತಿ ಎಲ್ಲಿರುತ್ತದೆ? ಸ್ಥಳೀಯವಾದದ್ದೆಲ್ಲ ತಾನಾಗಿಯೇ ನ್ಯಾಯವಾದದ್ದು ಎಂದು ನಾನು ವಾದಿಸುತ್ತಿಲ್ಲ. ಆಹ್ವಾನವೊಂದು ಹೊಸ ನೆಲಕ್ಕೆ ಬಂದಾಗ, ಯಾರ ಮುಖ ಯಾರ ಅನುಮತಿಯಿಂದ ತೆರೆಯ ಮೇಲೆ ಬರುತ್ತದೆ ಎಂಬ ಪ್ರಶ್ನೆಯನ್ನು ಆ ನೆಲದ ಏರುತಗ್ಗುಗಳನ್ನು ನೋಡಿ ಹೊಸದಾಗಿ ಕೇಳಬೇಕು.

ಅನುಮತಿಯ ವಿಷಯದಲ್ಲಿ ಜಾಹೀರಾತು ಲೋಕಕ್ಕೆ ದಾರಿ ಗೊತ್ತಿಲ್ಲದೆ ಇಲ್ಲ. ವೃತ್ತಿಪರ ರೂಪದರ್ಶಿಯ ಕರಾರಿನಲ್ಲಿ ಚಿತ್ರ ಯಾವ ದೇಶದಲ್ಲಿ, ಎಷ್ಟು ಕಾಲ, ಯಾವ ಮಾಧ್ಯಮದಲ್ಲಿ ಎಂದು ಬರೆದಿರುತ್ತದೆ. ಒಂದು ದೇಶಕ್ಕೆ ಒಂದು ದರ, ಇನ್ನೊಂದು ದೇಶ ಸೇರಿದರೆ ಇನ್ನಷ್ಟು. ಅಂದರೆ ಮುಖವೊಂದು ಗಡಿ ದಾಟುವುದು ಪ್ರತ್ಯೇಕವಾದ ಕೆಲಸ, ಅದಕ್ಕೆ ಪ್ರತ್ಯೇಕ ಬೆಲೆ ಎಂಬುದನ್ನು ಈ ಉದ್ಯಮ ಬಹುಕಾಲದಿಂದ ಒಪ್ಪಿಕೊಂಡಿದೆ. ಆ ಒಪ್ಪಿಗೆ ಸಾಮಾನ್ಯ ಗಿರಾಕಿಯ ಹತ್ತಿರ ಬರುವಾಗ ಮಾಯವಾಗುತ್ತದೆ. ‘ಜಗತ್ತಿನಾದ್ಯಂತ, ಶಾಶ್ವತವಾಗಿ, ಸಂಭಾವನೆಯಿಲ್ಲದೆ’ ಎಂಬ ಅರ್ಥದ ಒಂದೇ ವಾಕ್ಯದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. 2019ರ ಜನವರಿಯಲ್ಲಿ ಆಪಲ್ ಕಂಪನಿ ಐಫೋನಿನಲ್ಲಿ ತೆಗೆದ ಚಿತ್ರಗಳ ಸ್ಪರ್ಧೆ ಘೋಷಿಸಿತು. ಗೆದ್ದ ಚಿತ್ರಗಳು ದೊಡ್ಡ ಫಲಕಗಳಲ್ಲಿ ಬರುತ್ತವೆ. ಆದರೆ ಅದಕ್ಕೆ ಹಣವಿಲ್ಲ ಎಂಬಂತಿತ್ತು. ಛಾಯಾಗ್ರಾಹಕರು ಗಟ್ಟಿಯಾಗಿ ಆಕ್ಷೇಪಿಸಿದ ಮೇಲೆ, ಚಿತ್ರಗಳ ಬಳಕೆಗೆ ಶುಲ್ಕ ಕೊಡುವುದಾಗಿ ಕಂಪನಿ ಸ್ಪಷ್ಟಪಡಿಸಿತು. ಕೇಳಿದವರಿಗೆ ಸಿಕ್ಕಿತು. ಕೇಳಲು ಗೊತ್ತಿಲ್ಲದವರೇ ಹೆಚ್ಚು.

ಕಾನೂನುಗಳು ನಿಧಾನವಾಗಿ ಬರುತ್ತಿವೆ, ಒಂದೊಂದು ದೇಶದಲ್ಲಿ ಒಂದೊಂದು ರೂಪದಲ್ಲಿ. ಹಣ ಪಡೆದು ಮಾಡಿದ ಹೊಗಳಿಕೆಯನ್ನು ಸಾಮಾನ್ಯರ ಅನಿಸಿಕೆಯಂತೆ ತೋರಿಸುವುದನ್ನು ಜಪಾನ್ 2023ರ ಅಕ್ಟೋಬರ್‌ನಿಂದ ನಿಷೇಧಿಸಿದೆ. ನಕಲಿ ವಿಮರ್ಶೆಗಳ ವಿರುದ್ಧ ಅಮೆರಿಕದ ನಿಯಮ 2024ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ತಿದ್ದಿದ ದೇಹದ ಚಿತ್ರ ಜಾಹೀರಾತಿನಲ್ಲಿದ್ದರೆ ಅದನ್ನು ಹೇಳಲೇಬೇಕೆಂದು ನಾರ್ವೆ 2022ರಲ್ಲಿ ಕಡ್ಡಾಯ ಮಾಡಿತು. ಭಾರತದಲ್ಲಿ ಜಾಹೀರಾತು ಉದ್ಯಮದ ಸ್ವಯಂನಿಯಂತ್ರಣ ಸಂಸ್ಥೆ 2021ರಲ್ಲೂ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರಲ್ಲೂ ಸಾಮಾಜಿಕ ಜಾಲತಾಣಗಳ ಪ್ರಭಾವಿಗಳಿಗೆಂದು ಸೂಚನೆಗಳನ್ನು ಹೊರಡಿಸಿದವು. ಆದರೆ ಒಂದು ದೇಶದಲ್ಲಿ ಜಾಹೀರಾತೆಂಬ ಚೀಟಿ ಅಂಟಿಸಿದ ವಿಡಿಯೊ ಇನ್ನೊಂದು ದೇಶಕ್ಕೆ ಬರುವಾಗ ಆ ಚೀಟಿ ಕಳಚಿ ಬೀಳುವುದು ಸುಲಭ. ಕನ್ನಡದಲ್ಲಿ ಮಾತಾಡುವ ವಿಡಿಯೊದ ಮೂಲೆಯಲ್ಲಿ ಇಂಗ್ಲಿಷ್‌ನ ಸಣ್ಣಕ್ಷರದಲ್ಲಿ ಜಾಹೀರಾತು ಎಂದಿದ್ದರೆ, ಇಂಗ್ಲಿಷ್ ಓದದವರ ಮಟ್ಟಿಗೆ ಅದು ಹೇಳಿದಂತೆಯೇ ಅಲ್ಲ. ಸರಕಿನ ಗುಣಗಾನಕ್ಕೆ ಕನ್ನಡ ಬೇಕಾದರೆ ಹಣ ಪಡೆದ ವಿಷಯ ಹೇಳುವುದಕ್ಕೂ ಕನ್ನಡವೇ ಆಗಬೇಕು.

ಗಡಿಯಾಚೆಗೆ ಯಾರ ಮಾತನ್ನು ಕಳಿಸಬೇಕು ಎಂಬ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂದಿದೆ. ಮೊದಲನೆಯ ಮಹಾಯುದ್ಧದಿಂದ ಯುರೋಪಿಗೆ ಶ್ರೀಗಂಧದ ಸಾಗಣೆ ನಿಂತಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಸೋಪು. ಅಲ್ಲಿಯವರೆಗೆ ನಮ್ಮ ಕೊರಡು ಜರ್ಮನಿಗೆ ಹೋಗಿ ಎಣ್ಣೆಯಾಗುತ್ತಿತ್ತು. ಆ ಮೈಸೂರು ಸ್ಯಾಂಡಲ್ ಸೋಪಿಗೆ 2025ರ ಮೇ ತಿಂಗಳಲ್ಲಿ ನಟಿ ತಮನ್ನಾ ಭಾಟಿಯಾ ಅವರನ್ನು 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿದಾಗ ರಾಜ್ಯದಲ್ಲಿ ದೊಡ್ಡ ಚರ್ಚೆಯಾಯಿತು. ಕನ್ನಡದ ನಟಿಯರು ಇರಲಿಲ್ಲವೇ ಎಂದು ಹಲವರು ಕೇಳಿದರು. ಕರ್ನಾಟಕದಾಚೆಯ ಮಾರುಕಟ್ಟೆಗೆ ಹೋಗುವುದು ಉದ್ದೇಶವೆಂದು ಸಚಿವ ಎಂ.ಬಿ. ಪಾಟೀಲರು ಸಮರ್ಥಿಸಿದರು. ಯಾರ ಮುಖ ಎಂಬುದರ ಸುತ್ತಲೇ ವಾದ ತಿರುಗಿತು. ಹೊರಗಿನ ಗಿರಾಕಿ ಯಾರ ಮಾತನ್ನು ನಂಬುತ್ತಾನೆ ಎಂಬ ಪ್ರಶ್ನೆ ಅದರಲ್ಲಿ ಏಳಲೇ ಇಲ್ಲ.

ಈ ಸೋಪಿನ ಬಗ್ಗೆ ಕನ್ನಡಿಗರು ಬರೆದದ್ದು, ಹೇಳಿದ್ದು ಲೆಕ್ಕವಿಲ್ಲದಷ್ಟಿದೆ. ಅಜ್ಜಿಯ ಬಚ್ಚಲುಮನೆ, ಹಬ್ಬದ ಎಣ್ಣೆಸ್ನಾನ, ಸೀರೆಗಳ ನಡುವೆ ಇಟ್ಟ ಖಾಲಿ ಡಬ್ಬಿ, ವಿದೇಶಕ್ಕೆ ಹೊರಟವರ ಪೆಟ್ಟಿಗೆಯಲ್ಲಿ ಬಟ್ಟೆಯ ಮಧ್ಯೆ ನಾಲ್ಕು ಸೋಪು. ಇವೆಲ್ಲ ನಿಜ, ನಮ್ಮನ್ನು ಮುಟ್ಟುತ್ತವೆ. ನ್ಯೂಜೆರ್ಸಿಯ, ಸಿಡ್ನಿಯ ಕನ್ನಡಿಗರನ್ನೂ ಮುಟ್ಟುತ್ತವೆ, ಏಕೆಂದರೆ ಆ ಅಜ್ಜಿ ಅವರಿಗೂ ಇದ್ದರು. ಇದನ್ನೇ ಜರ್ಮನ್ ಭಾಷೆಗೆ ಹೊಂದಿಸಿ ಹ್ಯಾಂಬರ್ಗಿನ ಗಿರಾಕಿಯ ಮುಂದಿಟ್ಟರೆ ಅವರಿಗೆ ಸಿಗುವುದು ದೂರದೇಶದ ಒಂದು ಸೊಗಸಾದ ಕಥೆ; ಕೊಳ್ಳಲು ಕಾರಣವಲ್ಲ. ಅವರು ಕೇಳುವುದು ಬೇರೆ. ಈ ಗಂಧದ ಮರ ಕಾನೂನುಬದ್ಧವಾಗಿ ಕಡಿದದ್ದೇ, ಚರ್ಮಕ್ಕೆ ಅಲರ್ಜಿ ತರುತ್ತದೆಯೇ, ಇದರಲ್ಲಿ ಪ್ರಾಣಿಗಳ ಕೊಬ್ಬು ಇದೆಯೇ, ಹೊದಿಕೆಯಲ್ಲಿ ಎಷ್ಟು ಪ್ಲಾಸ್ಟಿಕ್ ಇದೆ ಎಂದಾರು. ಉತ್ತರ ಅಲ್ಲಿಯವರೇ ಬಳಸಿ ಹೇಳಿದ್ದಾಗಿರಬೇಕು.

ಹಾಗಾಗಿ ಕಾರ್ಖಾನೆಯವರು ಮಾಡಬೇಕಾದ ಕೆಲಸ ನನಗೆ ಸರಳವಾಗಿ ಕಾಣುತ್ತದೆ. ಹ್ಯಾಂಬರ್ಗಿನಲ್ಲಿ ನೆಲೆಸಿದ ಕನ್ನಡಿಗರು ಪಕ್ಕದ ಮನೆಯವರಿಗೆ ಒಂದೊಂದು ಸೋಪು ಕೊಡಲಿ, ಕಂಪನಿಯ ಖರ್ಚಿನಲ್ಲಿ. ಬಳಸಿದವರು ಅನಿಸಿಕೆ ಬರೆಯಲಿ; ಸೋಪು ಪುಕ್ಕಟೆ ಬಂದದ್ದೆಂಬುದೂ ಅದರ ಜೊತೆಗೇ ಅವರ ಭಾಷೆಯಲ್ಲಿ ಇರಲಿ. ಪರಿಮಳ ಹೆಚ್ಚಾಯಿತು, ಚರ್ಮ ಒಣಗಿತು ಎಂದು ಯಾರಾದರೂ ಬರೆದರೆ ಅದನ್ನು ಅಳಿಸದೆ, ಅದರ ಕೆಳಗೆ ಬೆಂಗಳೂರಿನಿಂದ ಉತ್ತರ ಬರೆಯಲಿ. ಅವರಲ್ಲಿ ಯಾರದಾದರೂ ಚಿತ್ರವನ್ನೋ ಮಾತನ್ನೋ ದುಬೈಯಲ್ಲಿ, ಟೋಕಿಯೊದಲ್ಲಿ, ಇಲ್ಲವೇ ನಮ್ಮ ಮೆಜೆಸ್ಟಿಕ್ಕಿನ ಫಲಕದ ಮೇಲೆ ಬಳಸಬೇಕೆನಿಸಿದರೆ ಮೊದಲು ಅವರನ್ನು ಕೇಳಲಿ, ಎಲ್ಲಿ ಎಷ್ಟು ದಿನವೆಂದು ಬರೆದು ಕೊಡಲಿ, ರೂಪದರ್ಶಿಗೆ ಕೊಡುವಂತೆ ಅವರಿಗೂ ಹಣ ಕೊಡಲಿ. ಬೇಡ ಅಂದವರ ಮಾತನ್ನು ಅಲ್ಲಿಗೇ ಬಿಡಲಿ.